ವಿವಿ ಬದಲಿಸುವ ಮುನ್ನ ನಾನು ಹಾಕಿದ ಲೆಕ್ಕ

ಕೆಲಸ, ಮನೆ ಎರಡನ್ನೂ ನಿಭಾಯಿಸುತ್ತಾ ನಲವತ್ತರ ಆಸುಪಾಸಿನಲ್ಲಿ ದೂರಶಿಕ್ಷಣದ ಪದವಿ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಈ ಯೋಚನೆ ಬಂದೇ ಬರುತ್ತದೆ: ಇದನ್ನು ಬಿಟ್ಟು ಬೇರೆ ವಿವಿಗೆ ಸೇರಿಕೊಂಡರೆ ಹೇಗೆ? ಯಾವ ವಿವಿ ಒಳ್ಳೆಯದು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಈಗಾಗಲೇ ಪಾಸಾದ ಪತ್ರಿಕೆಗಳಲ್ಲಿ ಎಷ್ಟು ನನ್ನ ಜೊತೆ ಬರುತ್ತವೆ?

ಅದಕ್ಕೂ ಮೊದಲು, ಬೇಸರ ಯಾವುದರ ಮೇಲೆ ಎಂದು ಬಿಡಿಸಿ ನೋಡಿ. ಅಧ್ಯಯನ ಕೇಂದ್ರ ದೂರ, ಸಂಪರ್ಕ ತರಗತಿ ಕೆಲಸದ ದಿನವೇ ಬರುತ್ತದೆ, ಸಿಬ್ಬಂದಿ ಫೋನ್ ಎತ್ತುವುದಿಲ್ಲ ಎಂಬುದಾದರೆ ವಿವಿ ಬದಲಿಸಬೇಕಿಲ್ಲ, ಕೇಂದ್ರ ಬದಲಿಸಿದರೆ ಸಾಕು. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಅಧ್ಯಯನ ಕೇಂದ್ರವನ್ನೂ ಪ್ರಾದೇಶಿಕ ಕೇಂದ್ರವನ್ನೂ ಬದಲಿಸಿಕೊಳ್ಳಬಹುದು. ಪರೀಕ್ಷಾ ಕೇಂದ್ರವನ್ನಂತೂ ಪ್ರತಿ ಬಾರಿ ಪರೀಕ್ಷಾ ಅರ್ಜಿಯಲ್ಲೇ ಆರಿಸುತ್ತೇವೆ. ಮೂರು ವರ್ಷದ ಪದವಿಗೆ ಅಲ್ಲಿ ಗರಿಷ್ಠ 6 ವರ್ಷ ಅವಕಾಶವಿದೆ. ಅದೂ ಮುಗಿದಿದ್ದರೆ ಮರುಪ್ರವೇಶದ ದಾರಿ ಇದೆಯೇ ನೋಡಿ. ಅವಧಿ ಮುಗಿಯಿತೆಂದು ಹೊಸ ವಿವಿಯಲ್ಲಿ ಮೊದಲಿನಿಂದ ಶುರುಮಾಡಿ, ಉಳಿದ ಮೂರು ನಾಲ್ಕು ಪತ್ರಿಕೆಗಾಗಿ ಇಡೀ ಪದವಿಯನ್ನೇ ಮತ್ತೆ ಓದುವವರಿದ್ದಾರೆ.

ಇಷ್ಟಾದ ಮೇಲೂ ಬದಲಿಸಲೇಬೇಕು ಎನಿಸಿದರೆ ಒಂದು ಎ4 ಹಾಳೆ ತೆಗೆದುಕೊಳ್ಳಿ. ಎಡಗಡೆ ಪಾಸಾದ ಪತ್ರಿಕೆಯ ಹೆಸರು ಮತ್ತು ಕ್ರೆಡಿಟ್ (ಆ ಪತ್ರಿಕೆಯ ಓದಿನ ತೂಕ ಹೇಳುವ ಅಂಕಿ), ನಡುವೆ ಹೊಸ ವಿವಿಯಲ್ಲಿ ಅದಕ್ಕೆ ಸಮನಾದ ಪತ್ರಿಕೆ, ಬಲಗಡೆ "ಬರುತ್ತದೆ", "ಇಲ್ಲ", "ಕೇಳಬೇಕು" ಇವುಗಳಲ್ಲಿ ಒಂದು. ಹೊಸ ವಿವಿಯ ಪಠ್ಯಕ್ರಮವನ್ನು ಅದರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಏಜೆಂಟರು ಕೊಡುವ ಕರಪತ್ರದಲ್ಲಿ ಕ್ರೆಡಿಟ್ ವಿವರ ಇರುವುದಿಲ್ಲ.

ಹಾಳೆ ತುಂಬುತ್ತಾ ಹೋದಂತೆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಕಾಣುತ್ತದೆ. ಮೊದಲನೆಯದು ಕ್ರೆಡಿಟ್ ಗಾತ್ರ. ಇಗ್ನೋದ ಮೂರು ವರ್ಷದ ಬಿಎಯಲ್ಲಿ ಮುಖ್ಯ ಪತ್ರಿಕೆ ಒಂದೊಂದೂ 6 ಕ್ರೆಡಿಟ್. ಪ್ರಾಚೀನ ಭಾರತದ ಇತಿಹಾಸದ ಬಿಎಚ್‌ಐಸಿ-131 ಕೂಡ 6 ಕ್ರೆಡಿಟ್‌ನದ್ದೇ. ನೀವು ಈಗಿನ ವಿವಿಯಲ್ಲಿ ಪಾಸಾದ ಇತಿಹಾಸದ ಪತ್ರಿಕೆ 3 ಕ್ರೆಡಿಟ್‌ನದ್ದಾಗಿದ್ದರೆ, ಪಾಠಗಳು ಅವೇ ಆಗಿದ್ದರೂ ಆ ಒಂದೇ ಪತ್ರಿಕೆ ಅದರ ಜಾಗ ತುಂಬುವುದಿಲ್ಲ. ಎರಡು ಪತ್ರಿಕೆ ಸೇರಿಸಿ ಒಂದಕ್ಕೆ ಒಪ್ಪುತ್ತಾರೆಯೇ ಎಂದು ಕೇಳಬೇಕು.

ಎರಡನೆಯದು ಭಾಷಾ ಪತ್ರಿಕೆಗಳು, ಯಾರೂ ಮೊದಲೇ ಹೇಳದ ಸಂಗತಿ. ಕರ್ನಾಟಕದಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಓದಿದ ಬ್ಯಾಚುಗಳಿಗೆ ಮೊದಲ ನಾಲ್ಕು ಸೆಮಿಸ್ಟರಿನಲ್ಲಿ ಎರಡು ಭಾಷೆ, ಒಂದೊಂದಕ್ಕೆ 3 ಕ್ರೆಡಿಟ್. ಒಟ್ಟು 24. ಹೊರಗಿನ ವಿವಿಗಳ ಚೌಕಟ್ಟಿನಲ್ಲಿ ಭಾಷೆಗೆ ಇಷ್ಟು ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಹಾಳೆಯ ಬಲಗಡೆ "ಇಲ್ಲ" ಎಂದು ಸಾಲುಸಾಲಾಗಿ ಬರೆಯಬೇಕಾಗುವುದು ಇಲ್ಲಿಯೇ. ರಾಜ್ಯದೊಳಗೇ ಬದಲಿಸುವವರಿಗೂ ಒಂದು ತೊಡಕಿದೆ: 2021-22ರಿಂದ ಎನ್‌ಇಪಿ, 2024-25ರಿಂದ ಮತ್ತೆ ಮೂರು ವರ್ಷದ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಪಠ್ಯಕ್ರಮ. ನಡುವೆ ಓದು ನಿಲ್ಲಿಸಿದವರ ಅಂಕಪಟ್ಟಿ ಈಗ ನಡೆಯುತ್ತಿರುವ ಸೆಮಿಸ್ಟರುಗಳಿಗೆ ಸರಿಯಾಗಿ ಕೂರುವುದಿಲ್ಲ.

ಮೂರನೆಯದು ಅರ್ಧದ ನಿಯಮ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರಲ್ಲಿ ತಂದ ಕ್ರೆಡಿಟ್ ಬ್ಯಾಂಕ್, ಅಂದರೆ ಗಳಿಸಿದ ಕ್ರೆಡಿಟ್ ಜಮೆಯಾಗುವ ಎಬಿಸಿ ಖಾತೆಯ ನಿಯಮಗಳ ಪ್ರಕಾರ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. 120 ಕ್ರೆಡಿಟ್‌ನ ಪದವಿಯಾದರೆ ಹೊರಗಿನಿಂದ ತರಬಹುದಾದದ್ದು ಹೆಚ್ಚೆಂದರೆ 60. ನೀವು 80 ಗಳಿಸಿದ್ದರೆ 20 ಅಲ್ಲೇ ಹೋಯಿತು. ಬ್ಯಾಂಕಿನಲ್ಲಿ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷದ ಆಯುಸ್ಸು, ಒಮ್ಮೆ ಒಂದು ಪದವಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಹಾಗಾಗಿ ನನ್ನ ಖಚಿತ ಅಭಿಪ್ರಾಯ: ಅರ್ಧ ದಾಟಿದವರು ಹಲ್ಲುಕಚ್ಚಿ ಇಲ್ಲೇ ಮುಗಿಸಿ, ಎಂಎಗೆ ಬೇಕಾದ ಕಡೆ ಸೇರುವುದು ಲೇಸು. ಒಂದೆರಡು ಸೆಮಿಸ್ಟರ್ ಆಗಿದ್ದರೆ ಬದಲಿಸುವುದಕ್ಕೆ ಅರ್ಥವಿದೆ. ನನ್ನ ಹಾಳೆಯಲ್ಲಿ "ಇಲ್ಲ"ಗಳೇ ಹೆಚ್ಚಿದ್ದುದರಿಂದ ನಾನು ಉಳಿದೆ.

ಹೊಸ ವಿವಿಯ ಮಾನ್ಯತೆಯನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೋದ, ಅಂದರೆ ಡಿಇಬಿಯ ಜಾಲತಾಣದಲ್ಲಿ ನೋಡಬೇಕು. ವಿವಿಯ ಹೆಸರು ಇದ್ದರೆ ಸಾಲದು. ನಿಮ್ಮ ಕೋರ್ಸ್ ಇರಬೇಕು, ನೀವು ಸೇರುವ ಜುಲೈ ಅಥವಾ ಜನವರಿ ಆವೃತ್ತಿಯೂ ಇರಬೇಕು. ವರ್ಷ ನೋಡುವುದು ಯಾಕೆ ಮುಖ್ಯ ಎಂಬುದಕ್ಕೆ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿವಿಯೇ ಉದಾಹರಣೆ: 2012-13ರ ನಂತರ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಲ್ಲಿ ಮರಳಿ ಸಿಕ್ಕಿತು. ರಾಜ್ಯ ವಿವಿಗಳ ದೂರಶಿಕ್ಷಣಕ್ಕೆ ಗಡಿ ಇದೆ. ಬೇರೆ ರಾಜ್ಯದ ವಿವಿಯ ದೂರಶಿಕ್ಷಣ ಕೇಂದ್ರ ಎಂದು ನಿಮ್ಮ ಊರಿನಲ್ಲಿ ಫಲಕ ಕಂಡರೆ ಅನುಮಾನಿಸಿ. ಇಗ್ನೋಗೆ ಆ ಗಡಿ ಇಲ್ಲ, ಆನ್‌ಲೈನ್ ಪದವಿಗಳಿಗೂ ಇಲ್ಲ. ಮಾಧ್ಯಮವನ್ನೂ ಗಮನಿಸಿ. ಇಗ್ನೋದ ಪಾಠಪುಸ್ತಕ ಬಹುಪಾಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿದೆ. ಕನ್ನಡದಲ್ಲಿ ಉತ್ತರ ಬರೆದು ರೂಢಿಯಾದವರಿಗೆ ಇದು ಶುಲ್ಕಕ್ಕಿಂತ ದೊಡ್ಡ ವ್ಯತ್ಯಾಸ.

ಇನ್ನು ಕಾಗದಪತ್ರದ ಸರದಿ. ಡಿಜಿಲಾಕರ್ ಮೂಲಕ 12 ಅಂಕಿಯ ಎಬಿಸಿ ಸಂಖ್ಯೆ ಮಾಡಿಕೊಳ್ಳಿ, ಅದರಿಂದ ಡಿಇಬಿ ಸಂಖ್ಯೆ. 2024-25ರಿಂದ ದೂರಶಿಕ್ಷಣ ಪ್ರವೇಶಕ್ಕೆ ಇದು ಕಡ್ಡಾಯ. ಹೆಸರು ಆಧಾರ್‌ನಲ್ಲೊಂದು ಥರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು ಥರ ಇದ್ದರೆ ಕೆಲಸ ಇಲ್ಲೇ ನಿಲ್ಲುತ್ತದೆ. ಇನಿಷಿಯಲ್ ಬಿಡಿಸಿ ಬರೆದಿರುವುದು, ಮದುವೆಯ ನಂತರದ ಹೆಸರು, ಇವೇ ಹೆಚ್ಚು ಕಾಡುವುದು. ಆಮೇಲೆ ಅಂಕಪಟ್ಟಿ ಮತ್ತು ಹಳೆಯ ವಿವಿ ದೃಢೀಕರಿಸಿದ ಪಠ್ಯಕ್ರಮದ ಪ್ರತಿ ಸೇರಿಸಿ ಕ್ರೆಡಿಟ್ ವರ್ಗಾವಣೆಗೆ ಅರ್ಜಿ. ಯಾವ ಪತ್ರಿಕೆ ಒಪ್ಪಿದ್ದಾರೆ ಎಂಬುದನ್ನು ಇಮೇಲ್‌ನಲ್ಲಾದರೂ ಲಿಖಿತವಾಗಿ ಪಡೆಯಿರಿ. "ಆಗತ್ತೆ ಬಿಡಿ ಸರ್" ಎಂಬ ಕೌಂಟರಿನ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಕಗಳೂ ಬರುತ್ತವೆಯೇ, ಬರೀ ಕ್ರೆಡಿಟ್ ಮಾತ್ರವೇ ಎಂದೂ ಕೇಳಿ. ಪ್ರಥಮ ದರ್ಜೆ ಬೇಕೆನ್ನುವವರಿಗೆ ಉತ್ತರ ನಿರ್ಣಾಯಕ.

ಬೇರೆ ವಿವಿಗೆ ಹೋಗಲು ಹಳೆಯ ವಿವಿ ಕೊಡುವ ವಲಸೆ ಪ್ರಮಾಣಪತ್ರ ಕೊನೆಗೆ. ಅದನ್ನು ಮೊದಲೇ ತೆಗೆದರೆ ಹಳೆಯ ನೋಂದಣಿಗೆ ಮರಳುವುದು ಕಷ್ಟ. ಆತುರ ಬೇಕಿಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ: ಏಪ್ರಿಲ್ 2022ರ ಯುಜಿಸಿ ಮಾರ್ಗಸೂಚಿ ಏಕಕಾಲಕ್ಕೆ ಎರಡು ಕೋರ್ಸ್ ಓದಲು ಅವಕಾಶ ಕೊಟ್ಟಿದೆ, ಎರಡೂ ದೂರಶಿಕ್ಷಣದ್ದಾದರೂ ಸರಿ. ಎರಡೂ ವಿವಿಗಳು ಅದನ್ನು ಅಳವಡಿಸಿಕೊಂಡಿವೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಿ. ಸರ್ಕಾರಿ ನೌಕರರು ಇಲಾಖೆಯಿಂದ ಪಡೆದ ಅನುಮತಿ ಪತ್ರವನ್ನೂ ತೆಗೆದು ಓದಬೇಕು. ಅದರಲ್ಲಿ ಹಳೆಯ ವಿವಿಯ ಹೆಸರಿದ್ದರೆ ಹೊಸದಕ್ಕೆ ಶುಲ್ಕ ಕಟ್ಟುವ ಮುನ್ನವೇ ಮತ್ತೊಂದು ಅರ್ಜಿ ಕೊಡಬೇಕಾಗುತ್ತದೆ.