ಇಮೇಜ್ ಮಾಡೂಮುಂದ ಬಿಲ್ಡ್ ನಿಂತ್ರ ಎಲ್ಲಿಂದ ಹುಡುಕಬೇಕು

ಬೆಳಗಾವಿ ಉದ್ಯಮಬಾಗದಾಗ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಐತಿ. ಸಿಎನ್‌ಸಿ ಮಷಿನ್ನಿಗೆ ಹಚ್ಚೂ ಡೇಟಾ ಲಾಗರ್ ಮಾಡ್ತೀವಿ. ಒಳಗ ಎಆರ್‌ಎಂ ಬೋರ್ಡು, ಅದರಾಗ ಬಿಲ್ಡ್‌ರೂಟ್‌ನಿಂದ (ಸಣ್ಣ ಬೋರ್ಡಿಗೆ ಲಿನಕ್ಸ್ ಕಟ್ಟೂ ಸಾಧನ) ಕಟ್ಟಿದ ಲಿನಕ್ಸು. ಕಟ್ಟಿದ್ದನ್ನೆಲ್ಲಾ ಅದು ಕಡೀಗೆ ಬೋರ್ಡಿಗೆ ಹಾಕೂ ಒಂದು ಫೈಲ್ ಮಾಡ್ತೈತಿ, ಅದಕ್ಕ ಇಮೇಜ್ ಅಂತಾರ. ಇಂಟರ್ನ್‌ಶಿಪ್ಪಿಗೆ ಬರೂ ಹುಡುಗ್ರು ತಪ್ಪದ ಕೇಳೂ ಮಾತು: "ಸರ್, ಎಲ್ಲಾ ಕಂಪೈಲ್ ಆತು, ಇಮೇಜ್ ಮಾಡೂಮುಂದ ನಿಂತು. ಮೇಕ್ ಕ್ಲೀನ್ ಹೊಡೀಲಿ?" ಹೊಡೀಬ್ಯಾಡ್ರಿ. ತಾಸುಗಟ್ಟಲೆ ಮಾಡಿದ್ದು ಹೋಗ್ತೈತಿ, ತಪ್ಪು ಮಾತ್ರ ಇದ್ದಲ್ಲೇ ಇರ್ತೈತಿ.

ಮೊದಲ ಲಾಗ್ ಹಿಡಕೋರಿ. ಮೇಕ್‌ಗೆ ವಿ=1 ಹಚ್ಚಿ, ಸ್ಟ್ಯಾಂಡರ್ಡ್ ಎರರ್ ಸೇರಿಸಿ, ಟೀ ಕಮಾಂಡ್ ಮೂಲಕ ಎಲ್ಲಾ ಒಂದು ಫೈಲಿಗೆ ಇಳಸ್ರಿ. ಕಡೀ ಸಾಲಿನ 'ಎರರ್ 2' ನೋಡಿ ಏನೂ ತಿಳಿಯೂದಿಲ್ಲ. ಕೆಳಗಿಂದ ಮ್ಯಾಲೆ ಹೋಗಿ, ಮೂರು ಬಾಣದ ಗುರ್ತಿನಿಂದ ಸುರು ಆಗೂ ಕಡೀ ಸಾಲು ಹುಡುಕ್ರಿ. 'ಜನರೇಟಿಂಗ್ ಫೈಲ್‌ಸಿಸ್ಟಮ್ ಇಮೇಜ್' ಅಂತಿದ್ರ ಇಮೇಜಿನ ತ್ರಾಸ ಖರೇ. 'ಎಕ್ಸಿಕ್ಯೂಟಿಂಗ್ ಪೋಸ್ಟ್-ಬಿಲ್ಡ್ ಸ್ಕ್ರಿಪ್ಟ್' ಅಂತಿದ್ರ ತಪ್ಪು ನಿಮ್ಮ ಸ್ಕ್ರಿಪ್ಟಿನಾಗ: ಎಕ್ಸಿಕ್ಯೂಟ್ ಪರ್ಮಿಶನ್ ಇರೂದಿಲ್ಲ, ಇಲ್ಲಾಂದ್ರ ವಿಂಡೋಸ್‌ನಾಗ ಎಡಿಟ್ ಮಾಡಿ ಸಾಲಿನ ತುದಿ ಕೆಟ್ಟಿರ್ತಾವ. ಬಿಲ್ಡ್‌ರೂಟ್ ಬದಲಿ ಅಂಥಾದ್ದ ಇನ್ನೊಂದು ಸಾಧನ ಯೋಕ್ಟೋ ಇದ್ರ ಇಮೇಜ್ ರೆಸಿಪಿಯ ಟೆಂಪ್ ಫೋಲ್ಡರ್‌ನಾಗ ಡು_ರೂಟ್‌ಎಫ್‌ಎಸ್, ಡು_ಇಮೇಜ್ ಬ್ಯಾರೆ ಬ್ಯಾರೆ ಲಾಗ್ ಇರ್ತಾವ, ಹುಡುಕಾಟ ಇನ್ನೂ ಹಗುರ.

ಹೆಚ್ಚಾಗಿ ಸಿಗೂದು ಜಾಗದ ತಕರಾರು. ಆದ್ರ ಯಾವ ಜಾಗ? 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಅಂತ ಬಂದ್ರ ನಿಮ್ಮ ಪಿಸಿಯ ಡಿಸ್ಕ್ ತುಂಬೈತಿ. ಡಿಎಫ್ -ಎಚ್ ಕಮಾಂಡ್ ಕೊಟ್ಟು ನೋಡ್ರಿ, ಅದರಾಗ ಜಾಗ ಕಂಡ್ರ ಡಿಎಫ್ -ಐ ನೋಡ್ರಿ, ಐನೋಡ್ (ಪ್ರತಿ ಫೈಲಿಗೂ ಬೇಕಾಗೂ ನೋಂದಣಿ ಜಾಗ) ಮುಗದಿರಬಹುದು. 'ಕುಡ್ ನಾಟ್ ಅಲೊಕೇಟ್ ಬ್ಲಾಕ್ ಇನ್ ಇಎಕ್ಸ್‌ಟಿ2 ಫೈಲ್‌ಸಿಸ್ಟಮ್' ಅಂತ ಬಂದ್ರ ಪಿಸಿ ಆರಾಮ ಐತಿ, ಇಮೇಜ್ ಸಣ್ಣದಾಗೈತಿ. ನಮ್ಮ ಮಗ್ಗಲಿನ ಫೌಂಡ್ರಿಯವರ ಭಾಷಾದಾಗ ಹೇಳೂದಾದ್ರ ಲೋಹ ಹೆಚ್ಚು, ಅಚ್ಚು ಸಣ್ಣದು. (ಇಎಕ್ಸ್‌ಟಿ4 ಆರಿಸಿದ್ರೂ ಅದು ಇಎಕ್ಸ್‌ಟಿ2 ಅಂತನ ಬರೀತೈತಿ. ಗಾಬರಿ ಬ್ಯಾಡ.)

ಬಿಲ್ಡ್‌ರೂಟ್‌ನಾಗ ಈ ಇಮೇಜಿನ ಡೀಫಾಲ್ಟ್ ಅಳತಿ 60 ಎಂಬಿ. ಪೈಥಾನ್ ಒಂದು ಸೇರಿಸಿದ್ರ ಸಾಕು, ಅದು ಸಾಲದ ಹೋಗಬಹುದು. ಔಟ್‌ಪುಟ್ ಒಳಗಿನ ಟಾರ್ಗೆಟ್ ಫೋಲ್ಡರ್ ಎಷ್ಟೈತಿ ಅಂತ ಡಿಯು -ಎಸ್‌ಎಚ್ ಕೊಟ್ಟು ಅಳೀರಿ. ಜರ್ನಲ್ಲು, ಐನೋಡ್ ಟೇಬಲ್ಲು ತಮ್ಮ ಪಾಲು ತಗೋತಾವ, ಅದಕ್ಕ ನಾ 30 ಪರ್ಸೆಂಟ್ ಹೆಚ್ಚಿಗಿ ಇಡ್ತೀನಿ. ಯೋಕ್ಟೋದ ಡೀಫಾಲ್ಟ್ ಓವರ್‌ಹೆಡ್ ಫ್ಯಾಕ್ಟರೂ 1.3 ಅದ. ಬಿಲ್ಡ್‌ರೂಟಿನ ಸೆಟ್ಟಿಂಗ್ ಮೆನು ಮೆನುಕಾನ್ಫಿಗ್‌ನ 'ಫೈಲ್‌ಸಿಸ್ಟಮ್ ಇಮೇಜಸ್' ಒಳಗ 'ಎಕ್ಸ್ಯಾಕ್ಟ್ ಸೈಜ್' ಬದಲಿಸಿ ಬರೇ ಮೇಕ್ ಕೊಡ್ರಿ. ಎಸ್‌ಡಿ ಕಾರ್ಡ್ ಇಮೇಜ್ ಇದ್ರ, ಅದನ್ನ ಜೋಡಿಸೂ ಜೆನ್‌ಇಮೇಜ್‌ನ ಫೈಲಿನಾಗ ಪಾರ್ಟಿಶನ್ ಅಳತಿ ಗಟ್ಟಿಯಾಗಿ ಬರೆದಿಟ್ಟಿದ್ರ ಅದನ್ನೂ ಹಿಗ್ಗಸ್ರಿ, ಇಲ್ಲಾಂದ್ರ ಮುಂದಿನ ಹೆಜ್ಜಿಗೆ ಮತ್ತ ನಿಲ್ಲತೈತಿ. ಅಳತಿ ಹಿಗ್ಗಸೂಕಿಂತ ಮೊದಲ ಮೇಕ್ ಗ್ರಾಫ್-ಸೈಜ್ ಓಡಿಸಿ ಯಾವ ಪ್ಯಾಕೇಜ್ ಎಷ್ಟು ತಿಂದೈತಿ ನೋಡೂದು ಛಲೋ. ಆದ್ರ ಮೆನುದಾಗ ಪ್ಯಾಕೇಜ್ ತಗದ್ರ ಟಾರ್ಗೆಟ್‌ನಿಂದ ಫೈಲ್ ಹೋಗೂದಿಲ್ಲ. ಮೇಕ್ ಕ್ಲೀನ್ ಹೊಡಿಯೂ ಪ್ರಸಂಗ ಇದೊಂದು.

ನ್ಯಾಂಡ್ ಫ್ಲ್ಯಾಶ್ ಚಿಪ್ ಇರೂ ಬೋರ್ಡಿನ ಫೈಲ್‌ಸಿಸ್ಟಮ್ ಯುಬಿಐಎಫ್‌ಎಸ್ ಬ್ಯಾರೆ ನಮೂನಿ ಕಾಡತೈತಿ. ಅಳಿಸಿ ಬರಿಯೂ ಒಂದೊಂದು ಬ್ಲಾಕಿನಾಗ ಹೆಡರ್ ಬಿಟ್ಟು ಡೇಟಾಕ್ಕ ಉಳಿಯೂ ಭಾಗಕ್ಕ ಎಲ್‌ಇಬಿ ಅಂತಾರ. 'ಮ್ಯಾಕ್ಸ್_ಎಲ್‌ಇಬಿ_ಸಿಎನ್‌ಟಿ ಟೂ ಲೋ' ಅಂದ್ರ ಎಷ್ಟು ಬೇಕಂತ ಅದ ಹೇಳಿರ್ತೈತಿ, ಚಿಪ್ಪಿನ ಪಾರ್ಟಿಶನ್ನಿನಾಗ ಅಷ್ಟು ಬ್ಲಾಕ್ ಇದ್ರ ಏರಸ್ರಿ. ಖರೇ ಮೋಸ ಎಲ್‌ಇಬಿ ಅಳತಿದಾಗ. 128 ಕೆಬಿ ಬ್ಲಾಕ್, 2 ಕೆಬಿ ಪೇಜ್ ಇರೂ ಚಿಪ್ಪಿನಾಗ ಎರಡು ಹೆಡರಿಗೆ ಎರಡು ಪೇಜ್ ಹೋಗಿ 1,26,976 ಬೈಟ್ ಉಳೀತೈತಿ. 512 ಬೈಟಿನ ಸಬ್‌ಪೇಜ್ ಇದ್ರ ಒಂದ ಪೇಜಿನಾಗ ಎರಡೂ ಹಿಡಸ್ತಾವ, 1,29,024 ಸಿಗತೈತಿ. ಬಿಲ್ಡ್‌ರೂಟ್ ತಾನಾಗಿ ತಗೋಳೂದು ಇದನ್ನ. ತಪ್ಪು ಕೊಟ್ರ ಬಿಲ್ಡ್ ಸುಮ್ಮನ ಪಾಸ್ ಆಗ್ತೈತಿ, ಬೋರ್ಡಿನ ಮ್ಯಾಲೆ 'ಎಲ್‌ಇಬಿ ಸೈಜ್ ಮಿಸ್‌ಮ್ಯಾಚ್' ಅಂತ ಮೌಂಟ್ ಆಗೂದಿಲ್ಲ. ಬೋರ್ಡಿನ್ಯಾಗ ಎಂಟಿಡಿಇನ್ಫೋ -ಯು ಓಡಿಸಿ ಬಂದ ಅಂಕಿ ಹಾಕ್ರಿ, ಡೇಟಾಶೀಟ್ ನೋಡಿ ಊಹಾ ಮಾಡಬ್ಯಾಡ್ರಿ.

ಉಳದಿದ್ದು ಸಣ್ಣಪುಟ್ಟ. ಡಬ್ಲ್ಯುಎಸ್‌ಎಲ್‌ನಾಗ (ವಿಂಡೋಸ್ ಒಳಗ ಓಡೂ ಲಿನಕ್ಸು) 'ಪ್ರೋಗ್ರಾಮ್ ಫೈಲ್ಸ್' ಪಾತ್ ಒಳಗ ಬಂದು ಸ್ಪೇಸ್ ಸೇರತೈತಿ, ಬಿಲ್ಡ್‌ರೂಟ್ ಸುರೂದಾಗನ ತಿರಸ್ಕರಸ್ತೈತಿ. ಪಾತ್ ಸ್ವಚ್ಛ ಮಾಡ್ರಿ. 'ಸಿಸಿ1ಪ್ಲಸ್ ಕಿಲ್ಡ್' ಬಂದ್ರ ರ‍್ಯಾಮ್ ಸಾಲಿಲ್ಲ, ಒಮ್ಮೆಗೆ ಎಷ್ಟು ಕೆಲಸ ಓಡಬೇಕಂತ ಹೇಳೂ ಜೆ ಅಂಕಿ ಇಳಸ್ರಿ. ನಡುವ ಕರೆಂಟ್ ಹೋಗಿ ಒಂದು ಪ್ಯಾಕೇಜ್ ಅರ್ಧಂಬರ್ಧ ಆಗಿದ್ರ ಆ ಪ್ಯಾಕೇಜಿನ ಹೆಸರಿಗೆ ಡರ್‌ಕ್ಲೀನ್ ಹಚ್ಚಿ ಅದೊಂದನ್ನ ಮತ್ತ ಕಟ್ರಿ. ಸುಡೋ ಹಾಕಿ ಮೇಕ್ ಕೊಡೂದು ಬ್ಯಾಡ: ರೂಟ್ ಮಾಲಿಕಿ, ಡಿವೈಸ್ ಫೈಲು ಎಲ್ಲಾ ಇಮೇಜ್ ಹಂತದಾಗ ಫೇಕ್‌ರೂಟ್ (ಖರೇ ರೂಟ್ ಇಲ್ಲದ ರೂಟ್ ಇದ್ದಂಗ ತೋರಸೂ ಸಾಧನ) ನೋಡಕೋತೈತಿ.

ಇಷ್ಟೂ ನೋಡಿ ಬಗಿಹರೀಲಿಲ್ಲಂದ್ರ ಯಾರನ್ನರ ಕೇಳೂಮುಂದ ಸ್ಕ್ರೀನಿನ ಫೋಟೋ ಕಳಸಬ್ಯಾಡ್ರಿ. ಪೂರ್ತಿ ಲಾಗು, ಮೇಕ್ ಸೇವ್‌ಡೆಫ್‌ಕಾನ್ಫಿಗ್ ಕೊಟ್ರ ಬರೂ ಸೆಟ್ಟಿಂಗ್ ಫೈಲು, ಬಿಲ್ಡ್‌ರೂಟ್ ವರ್ಶನ್ನು, ಈ ಮೂರು ಕೊಡ್ರಿ.