ಕೆಚ್ಚಲು ಬಾವಿನ ಸ್ಟ್ಯಾಫ್ ಬ್ಯಾಕ್ಟೀರಿಯಾ ಮೇಲೆ ಫೇಜ್ ಪ್ರೋಟೀನ್ ಹಾಕಿ ನೋಡಿದ ಅನುಭವ

ಬೆಂಗಳೂರಲ್ಲಿ ಲ್ಯಾಬ್ ಕೆಲ್ಸ ನಂದು, ಹಸುಗಳ ಕೆಚ್ಚಲು ಬಾವಿಗೆ ಕಾರಣ ಆಗೋ ಸ್ಟ್ಯಾಫಿಲೋಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟ್ಯಾಫ್) ಅನ್ನೋ ಬ್ಯಾಕ್ಟೀರಿಯಾ ಮೇಲೆ ಫೇಜ್ ಪ್ರೋಟೀನ್ ಟೆಸ್ಟ್ ಮಾಡಿದ್ದನ್ನ ಇಲ್ಲಿ ಬರೀತಿದೀನಿ. ಫೇಜ್ ಅಂದ್ರೆ ಬ್ಯಾಕ್ಟೀರಿಯಾಗೆ ತಗಲೋ ವೈರಸ್, ಒಳಗೆ ಸಂಖ್ಯೆ ಜಾಸ್ತಿ ಮಾಡ್ಕೊಂಡು ಆಚೆ ಬರೋವಾಗ ಎಂಡೋಲೈಸಿನ್ ಅನ್ನೋ ಕಿಣ್ವದಿಂದ ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುತ್ತೆ. ಸ್ಟ್ಯಾಫ್‌ಗೆ ಈ ಗೋಡೆಯ ಆಚೆ ಇನ್ನೊಂದು ಹೊರಪೊರೆ ಇಲ್ಲ, ಹಾಗಾಗಿ ಬರೀ ಆ ಕಿಣ್ವನ ಹೊರಗಿಂದ ಹಾಕಿದ್ರೂ ಒಡೆದು ಹೋಗುತ್ತೆ.

ನಾನು ತಗೊಂಡಿದ್ದು ಫೇಜ್ ಕೆ ಅನ್ನೋದರ ಎಂಡೋಲೈಸಿನ್, ಹೆಸರು ಲೈಸ್‌ಕೆ. ಪೂರ್ತಿ ಪ್ರೋಟೀನ್ 495 ಅಮೈನೋ ಆಮ್ಲ ಉದ್ದ, ಆದ್ರೆ ಗೋಡೆ ಕತ್ತರಿಸೋಕೆ ಮುಂದಿನ 165ರ ಚಾಪ್ ಅನ್ನೋ ಭಾಗ ಒಂದೇ ಸಾಕು, ಚಿಕ್ಕದು, ಮಾಡೋಕೂ ಸುಲಭ. (ನಮ್ಮ ಬೆಂಗಳೂರಿನ ಗಂಗಾಜೆನ್ ಕಂಪನಿ ಪಿ128 ಅನ್ನೋ ಪ್ರೋಟೀನ್ ಮಾಡಿದ್ದೂ ಇದೇ ಫೇಜ್ ಕೆ ಬಾಲದ ಇನ್ನೊಂದು ಕಿಣ್ವದಿಂದ, ಅದಕ್ಕೆ ಲೈಸೋಸ್ಟಾಫಿನ್ ಅನ್ನೋ ಸ್ಟ್ಯಾಫ್ ಕೊಲ್ಲೋ ಕಿಣ್ವದ ಅಂಟಿಕೊಳ್ಳೋ ಭಾಗ ಸೇರಿಸಿ.) ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಒಳಗೆ ಚಾಪ್‌ನ ಜೀನ್ ಹಾಕಿ, ಪ್ರೋಟೀನ್ ತಯಾರಿ ಶುರು ಮಾಡಿಸೋ ಐಪಿಟಿಜಿ ಕೊಟ್ಟ ಮೇಲೆ 18 ಡಿಗ್ರಿಲಿ ರಾತ್ರಿಯಿಡೀ ಬೆಳೆಸ್ದೆ, ಬಿಸಿ ಜಾಸ್ತಿ ಇದ್ರೆ ಪ್ರೋಟೀನ್ ಗಂಟು ಕಟ್ಟೋ ಸಾಧ್ಯತೆ ಜಾಸ್ತಿ, ಆಮೇಲೆ ಪ್ರೋಟೀನ್ ಬೇರ್ಪಡಿಸೋಕೆ ನಿಕಲ್ ಕಾಲಮ್, ಉಳಿದ ಲವಣ ತೆಗೆಯೋಕೆ ಡಯಾಲಿಸಿಸ್, ಅಷ್ಟೇ.

ಬಫರ್‌ನಲ್ಲಿ (ಆಮ್ಲತೆ ಬದಲಾಗದ ಹಾಗೆ ಮಾಡಿದ ಲವಣದ ನೀರು) ರಿಸಲ್ಟ್ ಕಣ್ಣಿಗೇ ಕಾಣುತ್ತೆ, ಅಕ್ಕಿ ತೊಳೆದ ನೀರಿನ ಥರ ಇದ್ದ ಸ್ಟ್ಯಾಫ್ ಕಲ್ಚರ್ ಕ್ಯುವೆಟ್ ಅನ್ನೋ ಅಳತೆಯ ಪುಟ್ಟ ಪಾತ್ರೆಲೇ ತಿಳಿಯಾಗ್ತಾ ಬರುತ್ತೆ, 600 ನ್ಯಾನೋಮೀಟರ್ ಬೆಳಕಲ್ಲಿ ಮಬ್ಬು ಅಳೆಯೋ ರೀಡಿಂಗ್ ಇಳೀತಾ ಹೋಗುತ್ತೆ. ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳೋ ಇಡಿಟಿಎ ಹಾಕಿದ್ರೆ ನಿಲ್ಲುತ್ತೆ, ಯಾಕಂದ್ರೆ ಚಾಪ್‌ಗೆ ಕ್ಯಾಲ್ಸಿಯಂ ಬೇಕೇ ಬೇಕು, ಕ್ಯಾಲ್ಸಿಯಂ ಕ್ಲೋರೈಡ್ ಕೊಟ್ರೆ ಮತ್ತೆ ಶುರು.

ನಿಜವಾದ ಪರೀಕ್ಷೆ ಹಾಲಲ್ಲಿ. ಹಾಲೇ ಬೆಳ್ಳಗಿರುತ್ತಲ್ಲ, ಅಲ್ಲಿ ಈ ರೀಡಿಂಗ್ ಉಪಯೋಗಕ್ಕೆ ಬರಲ್ಲ, ಬೇರ್ಡ್-ಪಾರ್ಕರ್ ಅಗಾರ್ (ಸ್ಟ್ಯಾಫ್ ಕಪ್ಪಾಗಿ ಬೆಳೆಯೋ ಪೋಷಕ ಜೆಲ್ಲಿ) ಇರೋ ಪ್ಲೇಟ್ ಮೇಲೆ ಹರಡಿ ಕಪ್ಪು ಕಾಲೊನಿ ಎಣಿಸಬೇಕು. ಇಲ್ಲೊಂದು ವಿಷ್ಯ ಗಮನಿಸಿ, ಪ್ಲೇಟ್‌ಗೆ ಹಾಕೋ ಹನಿಯಲ್ಲಿ ಕಿಣ್ವ ಉಳಿದಿದ್ರೆ ಅಲ್ಲೂ ಕೊಲ್ಲುತ್ತಾ ಇರುತ್ತೆ, ಲೆಕ್ಕ ಸುಳ್ಳಾಗುತ್ತೆ. ಅದಕ್ಕೆ ನಾನು ಸ್ಯಾಂಪಲ್ ತೆಳು ಮಾಡೋ ಉಪ್ಪು ನೀರಿಗೇ (ಸಲೈನ್) ಇಡಿಟಿಎ ಸೇರಿಸಿ ಕಿಣ್ವನ ನಿಲ್ಲಿಸ್ತೀನಿ, ಕಿಣ್ವ ಹಾಕದ ಕಂಟ್ರೋಲ್‌ಗೂ ಅದೇ ಸಲೈನ್. ಹಸಿ ಹಾಲಲ್ಲಿ ಸ್ಟ್ಯಾಫ್ ಸತ್ತಿದ್ದು ನಿಜ, ಆದ್ರೆ ಬಫರ್‌ನಷ್ಟು ಅಲ್ಲ. ಬಫರ್ ನಂಬರ್ ಮಾತ್ರ ತೋರಿಸಿ ಔಷಧಿ ರೆಡಿ ಅನ್ನೋದು ರೈತರಿಗೆ ಮಾಡೋ ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ.

ಇನ್ನೊಂದು, ಕೆಚ್ಚಲು ಬಾವು ಇ. ಕೋಲಿಯಿಂದಲೂ ಬರುತ್ತೆ, ಅದಕ್ಕೆ ಹೊರಪೊರೆ ಇರೋದ್ರಿಂದ ಈ ಪ್ರೋಟೀನ್ ನಾಟಲ್ಲ. ಹಾಗಾಗಿ ಯಾವ ಹಾಲಿನ ಸ್ಯಾಂಪಲ್ ಬಂದ್ರೂ ಮೊದಲು ಯಾವ ಬ್ಯಾಕ್ಟೀರಿಯಾ ಅಂತ ಕಲ್ಚರ್ ಮಾಡಿ ನೋಡ್ತೀನಿ, ಆಮೇಲೇ ಫ್ರೀಜರ್‌ನಿಂದ ಚಾಪ್ ತೆಗೆಯೋದು.