ಯುದ್ಧದ ರಾತ್ರಿ ಟಿವಿ ನೋಡುವುದು ಹೇಗೆ?

ಮೊದಲು ಟಿವಿ ಸೌಂಡ್ ಪೂರ್ತಿ ಬಂದ್ ಮಾಡಿ. ತಮಾಷೆಯಲ್ಲ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಚಾನೆಲ್‌ಗಳು ಸುದ್ದಿಯ ಹಿಂದೆ ಸೈರನ್ ಬಾರಿಸುತ್ತಿದ್ದವು. ಹೀಗೇ ಆದರೆ ನಿಜವಾದ ಸೈರನ್ ಕೂಗಿದಾಗ ಜನ ಎದ್ದು ಹೊರಡುವುದಿಲ್ಲ ಎಂದು ಸರ್ಕಾರವೇ ಅದನ್ನು ನಿಲ್ಲಿಸಲು ಹೇಳಬೇಕಾಯಿತು. ಸದ್ದು ತೆಗೆದರೆ ಅರ್ಧ ಸುದ್ದಿ ಅಲ್ಲೇ ಸಪ್ಪೆಯಾಗುತ್ತದೆ, ನೋಡಿ ಬೇಕಾದರೆ.

ಆಮೇಲೆ ಕೇಳಬೇಕಾದ್ದು ಒಂದೇ: ಇದನ್ನು ಹೇಳಿದ್ದು ಯಾರು? ಹೆಸರು ಮತ್ತು ಹುದ್ದೆ ಎರಡೂ ಬೇಕು. ‘ಮೂಲಗಳ ಪ್ರಕಾರ’ ಎಂದಿದ್ದರೆ ಸದ್ಯಕ್ಕೆ ಯಾರೂ ಹೇಳಿಲ್ಲ ಅಂತಲೇ ಇಟ್ಟುಕೊಳ್ಳಿ. ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ನೈಟ್ ಶಿಫ್ಟ್‌ನಲ್ಲಿ ಸುದ್ದಿ ತಿದ್ದುವವನು. ಮೇ 8ರ ರಾತ್ರಿ ನಮ್ಮ ಡೆಸ್ಕಿನ ಟಿವಿಯಲ್ಲಿ ಕರಾಚಿ ಬಂದರು ಹೊತ್ತಿ ಉರಿಯುತ್ತಿತ್ತು. ಇನ್ನೊಂದು ಚಾನೆಲ್ ಇಸ್ಲಾಮಾಬಾದಿಗೇ ನುಗ್ಗಿತ್ತು. ಓದುಗರೊಬ್ಬರು ಫೋನ್ ಮಾಡಿ, "ಏನ್ರೀ, ಕರಾಚಿ ಹೋತಂತಲ್ಲ, ನಾಳೆ ಮುಖಪುಟ ಏನ್ ಹಾಕ್ತೀರಿ?" ಎಂದರು. ನೌಕಾಪಡೆ ಬಾಯಿ ಬಿಟ್ಟಿರಲಿಲ್ಲ. ವಿದೇಶಾಂಗ ಇಲಾಖೆಯೂ ಅಷ್ಟೇ. ಕರಾಚಿ ನಮ್ಮ ಮುಖಪುಟಕ್ಕೆ ಬರಲಿಲ್ಲ. ಆ ಬಂದರಿಗೆ ಏನೂ ಆಗಿರಲೂ ಇಲ್ಲ.

ವಿಡಿಯೊ ಬಂದರೆ ಬೆಂಕಿಯನ್ನು ಬಿಟ್ಟು ರಸ್ತೆ ನೋಡಿ. ಪಾಕಿಸ್ತಾನದಲ್ಲೂ ನಮ್ಮ ಹಾಗೆ ಗಾಡಿಗಳು ಎಡಗಡೆಯೇ ಓಡುತ್ತವೆ. ಬಲಗಡೆ ಓಡುತ್ತಿದ್ದರೆ ಅದು ಬೇರೆ ದೇಶ. ಅಂಗಡಿ ಬೋರ್ಡಿನಲ್ಲಿ ಯಾವ ಲಿಪಿ ಇದೆ, ಹಿಂದೆ ಯಾವ ಭಾಷೆಯ ಕೂಗು ಕೇಳುತ್ತಿದೆ, ಗಮನಿಸಿ. ಆ ವಾರ ಕರಾಚಿ ಎಂದು ಹರಿದಾಡಿದ ಒಂದು ವಿಡಿಯೊ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನವರಿಯಲ್ಲಿ ಬಿದ್ದ ವಿಮಾನದ್ದು. ವಿಮಾನ ಹೊಡೆದುರುಳಿಸುವ ದೃಶ್ಯ ಜಾಸ್ತಿ ಚೆಂದ ಇದ್ದರೆ ಅದು ವಿಡಿಯೊ ಗೇಮ್ ಇರಬಹುದು, ಅದೂ ಓಡಾಡಿತ್ತು. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ಸುದ್ದಿ ನಮ್ಮ ಕಡೆಯದೇ ಆಗಿದ್ದರೆ ಇನ್ನೂ ಸುಲಭ. ಆ ಊರಿನವರಿಗೆ ಫೋನ್ ಮಾಡಿ. ಆ ದಿನಗಳಲ್ಲಿ ಸೈನ್ಯದ ಪರವಾಗಿ ಬ್ರೀಫಿಂಗ್ ಕೊಡುತ್ತಿದ್ದ ಕರ್ನಲ್ ಸೋಫಿಯಾ ಖುರೇಷಿ ಅವರ ಬೆಳಗಾವಿ ಜಿಲ್ಲೆಯ ಗಂಡನ ಮನೆ ಮೇಲೆ ದಾಳಿಯಾಗಿದೆ ಎಂದು ಯಾರೋ ಹಬ್ಬಿಸಿದ್ದರು. ಸುಳ್ಳು ಎಂದು ಬೆಳಗಾವಿ ಪೊಲೀಸರು ಹೇಳಿದರು.

ಅಧಿಕಾರಿಗಳ ಬ್ರೀಫಿಂಗ್ ಇದ್ದರೆ ಪೂರ್ತಿ ಕೇಳಿ, ತುಂಡು ವಿಡಿಯೊ ಬೇಡ. ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ, ತಾರೀಖಿನ ಸಮೇತ. ಮೇ 11ರಂದು ಏರ್ ಮಾರ್ಷಲ್ ಎ.ಕೆ. ಭಾರ್ತಿ ಅವರನ್ನು ನಮ್ಮ ವಿಮಾನಗಳ ನಷ್ಟದ ಬಗ್ಗೆ ಪತ್ರಕರ್ತರು ಕೇಳಿದರು. ಕಾಳಗದಲ್ಲಿ ನಷ್ಟ ಇದ್ದದ್ದೇ, ಪೈಲಟ್‌ಗಳೆಲ್ಲ ವಾಪಸ್ ಬಂದಿದ್ದಾರೆ ಎಂದಷ್ಟೇ ಅವರು ಹೇಳಿದರು. ವಿಮಾನ ಕಳೆದುಕೊಂಡದ್ದನ್ನು ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಸಿಂಗಪುರದಲ್ಲಿ ಒಪ್ಪಿಕೊಂಡದ್ದು ಮೇ 31ಕ್ಕೆ, ಅದೂ ಸಂಖ್ಯೆ ಹೇಳದೆ. ಪಾಕಿಸ್ತಾನದ 5 ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನ ಹೊಡೆದೆವು ಎಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಹೇಳಿದ್ದು ಆಗಸ್ಟ್ 9ಕ್ಕೆ, ನಮ್ಮ ಬೆಂಗಳೂರಿನಲ್ಲೇ. ಲೆಕ್ಕ ತಡವಾಗಿ ಬಂದರೆ ಅದರಲ್ಲಿ ಮೋಸ ಇದೆ ಅಂತಲ್ಲ. ನಡು ಯುದ್ಧದಲ್ಲಿ ಯಾವ ಸೈನ್ಯವೂ ತನ್ನ ಲೆಕ್ಕದ ಪುಸ್ತಕ ಬಿಚ್ಚುವುದಿಲ್ಲ. ಆದರೆ ಬಿಚ್ಚುವ ತನಕ ನಾವು ಕಾಯಬೇಕು. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ಬಿದ್ದ ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಿತ್ತು ಎಂದು ವಾಯುಪಡೆ ಹೇಳಿದ್ದು ಅಕ್ಟೋಬರ್‌ನಲ್ಲಿ. ಎದುರಿನವರ ಮಾತಿಗೂ ಇದೇ ಅಳತೆ. ವಿಮಾನ ಉರುಳಿಸಿದ್ದಕ್ಕೆ ಸಾಕ್ಷಿ ಏನು ಎಂದು ಸಿಎನ್‌ಎನ್ ಕೇಳಿದರೆ ಪಾಕಿಸ್ತಾನದ ರಕ್ಷಣಾ ಸಚಿವರು ಸೋಷಿಯಲ್ ಮೀಡಿಯಾ ಕಡೆ ಕೈ ತೋರಿಸಿದರು!

ಸೈನ್ಯದ ಲಾರಿ, ರೈಲು ಹೋಗುವ ವಿಡಿಯೊ ಯಾರು ಕಳಿಸಿದರೂ ಮುಂದಕ್ಕೆ ಕಳಿಸಬೇಡಿ. ಮಗ ಸೈನ್ಯದಲ್ಲಿರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉಳಿದವರಿಗೆ ಹೇಳಬೇಕು.

ಕೊನೆಯದು, ಸಿಟ್ಟಿನ ವಿಷಯ. ಮೇ 10ರ ಸಂಜೆ ಕದನ ವಿರಾಮ ಎಂದಾಗ ಜನ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನು, ಅವರ ಮನೆಯವರನ್ನೂ ಬೈದರು. ಅವರು ಎಕ್ಸ್ ಖಾತೆಗೆ ಬೀಗ ಹಾಕಬೇಕಾಯಿತು. ಸುದ್ದಿ ಓದಿ ಹೇಳಿದ ಮನುಷ್ಯ ಅವರು, ಅಷ್ಟೇ. ಎರಡು ದಿನ ಮೊದಲು ಕರಾಚಿಯನ್ನು ಗೆದ್ದುಕೊಟ್ಟ ಆ್ಯಂಕರ್‌ಗಳನ್ನು ಅಷ್ಟು ಜೋರಾಗಿ ಯಾರೂ ಕೇಳಲಿಲ್ಲ. ಹಾಗಾಗಿ ಗ್ರೂಪಿನಲ್ಲಿ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ, ಈ ಆಸೆ ನನಗೆ ಹುಟ್ಟಿಸಿದ್ದು ಯಾವ ಚಾನೆಲ್ ಎಂದು ಮೊದಲು ನೆನಪು ಮಾಡಿಕೊಳ್ಳಿ. ಬೈಗುಳ ಅಲ್ಲಿಗೆ ಕಳಿಸಿ.